ನಾನು ಕೇಳದೇ ಬಿಟ್ಟ ಪ್ರಶ್ನೆ

ಅಪೊಸ್ತಲರ ಕೃತ್ಯಗಳು 24ನೇ ಅಧ್ಯಾಯ ತೆಗೀರಿ, 24ರಿಂದ 27ನೇ ವಚನ.

ಫೇಲಿಕ್ಸ್ ದೇಶಾಧಿಪತಿ, ಪೌಲ ಅವನ ಸೆರೆಯಲ್ಲಿದ್ದಾನೆ. ಫೇಲಿಕ್ಸನೇ ಪೌಲನನ್ನ ಕರೆಸಿ ಕೇಳ್ತಾನೆ. ನಂಬಿಕೆಯ ಮಾತು ನಡೆಯೋ ತನಕ ಸರಿ. ನೀತಿ, ದಮೆ, ಮುಂದೆ ಬರೋ ನ್ಯಾಯತೀರ್ಪು ಅಂತ ಪೌಲ ಶುರುಮಾಡಿದ ಕೂಡಲೇ ಇವನಿಗೆ ಭಯ. ಸದ್ಯಕ್ಕೆ ಹೋಗು, ಬಿಡುವಾದಾಗ ಕರೆಸ್ತೀನಿ ಅಂದುಬಿಟ್ಟ. ಆಮೇಲೆ ಎಷ್ಟೋ ಸಲ ಕರೆಸಿದ, ಲಂಚ ಸಿಗಬಹುದು ಅಂತ. ಆ ವಿಷಯಕ್ಕೆ ಬಿಡುವಾಯ್ತು ಅಂತ ವಾಕ್ಯದಲ್ಲಿ ಎಲ್ಲೂ ಇಲ್ಲ.

ಅವನಿಗೆ ಗೊತ್ತಿರಲಿಲ್ಲ ಅನ್ನೋಕಾಗುತ್ತಾ? ಕತ್ತಲಲ್ಲಿ ಗುಂಡಿ ತಪ್ಪಿಸಿ ನಡೀಬೇಕಾದ್ರೆ ಗುಂಡಿ ಎಲ್ಲಿದೆ ಅಂತ ಗೊತ್ತಿರಬೇಕು ಪ್ರಿಯರೇ.

ನನ್ನದೇ ಹೇಳ್ತೀನಿ. ನಮ್ಮೂರು ಕಾನಹೊಸಹಳ್ಳಿ, ಕೂಡ್ಲಿಗಿ ತಾಲೂಕು. ಹೈವೇ ಮೇಲಿನ ಊರು. ಈಗ ಅದು ಎನ್‌ಎಚ್ 50, ಆಗ 13. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳಲ್ಲಿ ಚೀನಾಕ್ಕೆ ಅದಿರು ಎಷ್ಟಿದ್ರೂ ಸಾಲ್ತಿರಲಿಲ್ಲ. ಸಂಡೂರು, ಹೊಸಪೇಟೆ ಕಡೆಯಿಂದ ರಾತ್ರಿಯೆಲ್ಲ ಲಾರಿ. ರಸ್ತೆ ಪಕ್ಕದ ಬೆಳೆ ಮೇಲೆಲ್ಲ ಕೆಂಪು ಧೂಳು. ನಮ್ಮಣ್ಣ ಸಾಲ ಮಾಡಿ ಒಂದು ಲಾರಿ ತಗೊಂಡ. ಆ ದುಡ್ಡಲ್ಲಿ ಮನೆಗೆ ಆರ್‌ಸಿಸಿ ಬಿತ್ತು, ನನ್ನ ಬೈಬಲ್ ಕಾಲೇಜಿನ ಫೀಸೂ ಕಟ್ಟಿದ್ದಾಯ್ತು. ಅಣ್ಣನ್ನ ಡೀಸೆಲ್ ರೇಟ್ ಕೇಳಿದ್ದೆ, ಟೈರ್ ಎಷ್ಟು ಅಂತ ಕೇಳಿದ್ದೆ. ಲಾರಿ ಮೇಲೆ ಕೈಯಿಟ್ಟು ಪ್ರಾರ್ಥನೆನೂ ಮಾಡಿದ್ದೆ (ನಗಬೇಡಿ, ನೀವೂ ಬೈಕಿಗೆ ಮಾಡಿಸ್ಕೊಂಡಿದ್ದೀರಿ). ಲೋಡಿಗೆ ಪರ್ಮಿಟ್ ಇದೆಯಾ ಅಂತ ಮಾತ್ರ ಒಂದು ದಿನವೂ ಕೇಳಲಿಲ್ಲ.

ಕೇಳಿದ್ರೆ ಏನಾಗ್ತಿತ್ತು? ಒಂದೋ ಆ ಫೀಸು ಬೇಡ ಅನ್ನಬೇಕಿತ್ತು, ಇಲ್ಲಾ ಗೊತ್ತಿದ್ದೂ ತಗೋಬೇಕಿತ್ತು. ಕೇಳದೇ ಇದ್ದದ್ದಕ್ಕೆ ಫೀಸೂ ಸಿಕ್ತು, ನಾನು ಪರಿಶುದ್ಧನೂ ಆಗಿದ್ದೆ.

2011ರ ಜುಲೈ 27ಕ್ಕೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಪರ್ಮಿಟ್ ಇಲ್ಲದ ಸಾಗಣೆ, ಮಿತಿಮೀರಿದ ಲೋಡ್, ಲಂಚ, ಎಲ್ಲ ಅದರಲ್ಲಿತ್ತು. ಎರಡೇ ದಿನಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಊರಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ನಮಗೇನು ಗೊತ್ತಿತ್ತು? ನಾನೂ ಅಂದೆ. ಜ್ಞಾನೋಕ್ತಿಗಳು 24:12 ಮನೆಗೆ ಹೋಗಿ ಓದಿ. ಹೃದಯ ತೂಗುವಾತನ ಮುಂದೆ ಆ ನೆಪ ನಿಲ್ಲಲ್ಲ.

ರಿಪೋರ್ಟಲ್ಲಿ ಏನು ಬರುತ್ತೋ ಅಂತ ರಕ್ತಪರೀಕ್ಷೆ ಮುಂದೂಡೋರೂ ಇಲ್ಲಿದ್ದೀರಿ. ಅದು ಬೇರೆ, ಅಲ್ಲಿ ನನಗೆ ಕನಿಕರವೇ ಜಾಸ್ತಿ. ಆದ್ರೆ ಫೇಲಿಕ್ಸನಿಗೆ ಬಿಡುವಾಗದ ಆ ಎರಡು ವರ್ಷ ಸೆರೆಯಲ್ಲಿ ಕೂತವನು ಪೌಲ. ನಮ್ಮ ಧೂಳು ಬಿದ್ದದ್ದು ಬೇರೆಯವರ ಹೊಲಕ್ಕೆ.

ಹೋದ ಕ್ರಿಸ್ಮಸ್‌ಗೆ ಊರಿಗೆ ಹೋದಾಗ ಅಣ್ಣನ್ನ ಕೇಳಿದೆ. "ಇಷ್ಟು ವರ್ಷ ಆದ ಮ್ಯಾಲೆ ಈಗ್ಯಾಕ ಕೇಳ್ತೀಯೋ ತಮ್ಮ?" ಅಂದ. ಸ್ವಲ್ಪ ಹೊತ್ತು ಸುಮ್ನಿದ್ದ. ಆಮೇಲೆ ಎಷ್ಟು ಟ್ರಿಪ್ಪು, ಎಷ್ಟಕ್ಕೆ ಕಾಗದ ಇರಲಿಲ್ಲ, ಎಲ್ಲ ಹೇಳಿದ. ರಾತ್ರಿ ಹನ್ನೊಂದರ ತನಕ ಹೇಳಿದ. ಯಾರಾದ್ರೂ ಕೇಳಲಿ ಅಂತ ಅವನಿಗೂ ಇತ್ತೇನೋ.

ಪ್ರಾರ್ಥನೆಗೆ ಏಳೋಣ.