ಎಲ್ಲಿ ಭಾಳ ನೋಯ್ತು?

ಹುಬ್ಬಳ್ಳಿಯ ಒಂದು ಟ್ಯಾಟೂ ಅಂಗಡಿಯ ಗೋಡೆಯ ಮೇಲೆ ಮನುಷ್ಯದೇಹದ ಎರಡು ಚಿತ್ರಗಳಿದ್ದವು, ಮುಂದಿನಿಂದ ಒಂದು, ಹಿಂದಿನಿಂದ ಒಂದು. ಹೊರತೋಳು ಮತ್ತು ತೊಡೆಯ ಹೊರಮೈಗೆ ಹಸಿರು ಬಣ್ಣ. ಹೆಗಲು, ಮೀನಖಂಡಕ್ಕೆ ಹಳದಿ. ಪಕ್ಕೆಲುಬು, ಕಂಕುಳು, ಮೊಣಕಾಲ ಹಿಂದಿನ ಮಡಿಕೆ, ಪಾದದ ಮೇಲ್ಭಾಗ, ಮುಖ, ಇವೆಲ್ಲ ಕೆಂಪು. ಎಲ್ಲಿ ಹಾಕಿಸಿಕೊಂಡರೆ ಎಷ್ಟು ನೋವು ಎಂದು ಗಿರಾಕಿ ಮೊದಲೇ ನೋಡಿಕೊಂಡು ನಿರ್ಧರಿಸಲಿ ಎಂಬ ಏರ್ಪಾಟು. ನಾನು ಮುಂಗೈ ಒಳಭಾಗದಲ್ಲಿ, ಮಣಿಕಟ್ಟಿಗೆ ತಾಗಿದ ಜಾಗ ತೋರಿಸಿದೆ. “ಅಲ್ಲೆ ಜರಾ ಜಾಸ್ತಿ ಆಗತೇತ್ರಿ, ಮ್ಯಾಲಕ್ಕ ಹಾಕಿಸ್ಕೊರಿ” ಎಂದ ಅಂಗಡಿಯ ಹುಡುಗ. ಮೇಲೆ ಹಾಕಿಸಿಕೊಳ್ಳುವ ಹಾಗಿರಲಿಲ್ಲ. ನಮ್ಮ ಅಜ್ಜಿಯ ತುಳಸಿಕಟ್ಟೆ ಇರುವುದು ಅದೇ ಜಾಗದಲ್ಲಿ.

ಆ ನಕ್ಷೆ ಸುಳ್ಳಲ್ಲ. ಸೂಜಿ ಒಂದೆರಡು ಮಿಲಿಮೀಟರಿನಷ್ಟು ಮಾತ್ರ ಇಳಿಯುತ್ತದೆ. ಆದರೆ ಚರ್ಮ ತೆಳುವಾದಲ್ಲಿ, ಕೆಳಗೆ ಮಾಂಸಕೊಬ್ಬಿಲ್ಲದೆ ಎಲುಬೇ ಇರುವಲ್ಲಿ, ನರತುದಿಗಳು ಒತ್ತಾಗಿರುವಲ್ಲಿ ಅದರ ಚುಚ್ಚು ಬೇರೆಯೇ. 2014ರಲ್ಲಿ ಲಂಡನ್ನಿನ ಸಂಶೋಧಕರು ಲೇಸರ್ ಕಿರಣದಿಂದ ದೇಹದ ಬೇರೆಬೇರೆ ಕಡೆ ಚಿಟಿಕೆಯಷ್ಟು ನೋವು ಕೊಟ್ಟು, ಅದು ಎಲ್ಲಿ ಆಗುತ್ತಿದೆ ಎಂದು ಮನುಷ್ಯ ಎಷ್ಟು ನಿಖರವಾಗಿ ಗುರುತಿಸಬಲ್ಲ ಎಂದು ಅಳೆದರು. ಎಲ್ಲಕ್ಕಿಂತ ಚುರುಕಾಗಿದ್ದವು ಬೆರಳ ತುದಿ ಮತ್ತು ಹಣೆ. ಹಣೆ ಎಂದು ಓದಿದ ತಕ್ಷಣ ನನಗೆ ಅಜ್ಜಿ ನೆನಪಾದಳು. ಅವಳಿಗೆ ಹಣೆಯ ಮೇಲೂ ಹಚ್ಚಿ ಇದೆ.

ತಿಳವಳ್ಳಿಯನ್ನು ಹೊರಗಿನವರು ಬಲ್ಲದ್ದು 13ನೇ ಶತಮಾನದ ಶಾಂತೇಶ್ವರ ಗುಡಿಯಿಂದ. ಉಳಿದಂತೆ ಅದು ಹಾನಗಲ್ಲ ತಾಲ್ಲೂಕಿನ, ಭತ್ತ-ಗೋವಿನಜೋಳದ ಒಂದು ಊರು. ಅಜ್ಜಿಗೆ ಎಂಟೋ ಒಂಬತ್ತೋ ವರ್ಷವಿದ್ದಾಗ, ಅಂದರೆ 1950ರ ದಶಕದ ಮೊದಲ ವರ್ಷಗಳಲ್ಲಿ, ಬುಟ್ಟಿ ಮಾರಲು ಬಂದಿದ್ದ ಕೊರವರ ಹೆಂಗಸು ಅವರ ಮನೆಯ ಕಟ್ಟೆಯ ಮೇಲೆ ಕೂತು ಹಚ್ಚಿ ಹಾಕಿದಳಂತೆ. ದೀಪದ ಕಪ್ಪು, ಎದೆಹಾಲು, ದಾರದಿಂದ ಸೇರಿಸಿ ಕಟ್ಟಿದ ಮೂರು ಸೂಜಿ. ಹಣೆಗೊಂದು ಗೀರು, ಗದ್ದಕ್ಕೊಂದು ಬೊಟ್ಟು, ಬಲ ಮುಂಗೈಗೆ ತುಳಸಿಕಟ್ಟೆ, ಮೀನಖಂಡಕ್ಕೆ ಚೇಳು. ಕೂಲಿ ಎಂದರೆ ಸೇರಕ್ಕಿ ಮತ್ತು ಹಳೇ ಸೀರೆ.

ಫೋನಿನಲ್ಲಿ ಆ ನಕ್ಷೆಯ ಫೋಟೊ ಇಟ್ಟುಕೊಂಡು ಊರಿಗೆ ಹೋದೆ. ಸಂಶೋಧನೆಯ ಚಾಳಿ, ಪ್ರಶ್ನಾವಳಿ ಇಲ್ಲದೆ ಅಜ್ಜಿಯ ಹತ್ತಿರವೂ ಮಾತಾಡಲು ಬರುವುದಿಲ್ಲ. ಎಲ್ಲಿ ಭಾಳ ನೋಯ್ತು ಎಂದು ಕೇಳಿದೆ.

“ಗದ್ದಕ್ಕ ಹಾಕಿದ್ದು ನೋಡವಾ. ಎರಡ್ ದಿನ ರೊಟ್ಟಿ ಅಗಿಯಾಕ ಬರಲಿಲ್ಲ, ಬರೇ ಅಂಬಲಿ ಕುಡಿದೆ.”

“ಹಣಿ?”

“ಹಣೀದೇನಿಲ್ಲ. ಹಣಿಲೆ ಏನ್ ಕೆಲಸ ಮಾಡ್ತೀವಿ?”

ಮುಂಗೈ ಬಾತುಕೊಂಡು ಸಗಣಿ ಬಾಚಲು ಆಗದೆ ಅವ್ವನ ಕೈಲಿ ಬೈಸಿಕೊಂಡಿದ್ದಳು. ಕಾಲಿನ ಚೇಳು ಗದ್ದೆಯ ನೀರು ತಾಗಿದಾಗಲೆಲ್ಲ ಉರಿಯುತ್ತಿತ್ತು. ಗೋಡೆಯ ನಕ್ಷೆಯಲ್ಲಿ ಮೀನಖಂಡ ಹಳದಿ, ಹಣೆ ಕೆಂಪು. ಅಜ್ಜಿಯ ಲೆಕ್ಕದಲ್ಲಿ ಅದು ತಿರುವುಮುರುವು. ನಕ್ಷೆ ಅಳೆಯುವುದು ಸೂಜಿ ಚರ್ಮದಲ್ಲಿರುವ ಅರ್ಧ ಗಂಟೆಯನ್ನು. ಅವಳು ಅಳೆಯುತ್ತಿದ್ದದ್ದು ಮರುದಿನ ಬೆಳಿಗ್ಗೆಯಿಂದ ಮುಂದಿನದನ್ನು. ಯಾವ ಅಂಗದಿಂದ ದುಡಿಯಬೇಕೋ, ಉಣ್ಣಬೇಕೋ, ಅಲ್ಲಿ ಆದದ್ದು ನೋವು. ವಾರಗಟ್ಟಲೆ ಗ್ರಂಥಾಲಯದಲ್ಲಿ ಕೂತು ಓದುವ ನನಗೆ ಮಣಿಕಟ್ಟಿನ ಗಾಯ ಏನನ್ನೂ ತಪ್ಪಿಸಲಿಲ್ಲ. ಹಾಗಾದರೆ ಒಂದೇ ಜಾಗದಲ್ಲಿ, ಒಂದೇ ಚಿತ್ರ ಹಾಕಿಸಿಕೊಂಡ ನಾವಿಬ್ಬರೂ ಒಂದೇ ನೋವನ್ನು ಉಂಡೆವೆ? ನಾನು ಟ್ಯಾಟೂ ಹಾಕಿಸಿಕೊಂಡದ್ದೇ ಅವಳ ಜತೆ ಏನನ್ನೋ ಹಂಚಿಕೊಳ್ಳುತ್ತೇನೆ ಎಂಬ ಆಸೆಯಿಂದ. ಈಗ ಆ ಆಸೆ ಸ್ವಲ್ಪ ನಾಚಿಕೆ ತರಿಸುತ್ತದೆ.

ಇನ್ನೂ ಒಂದು ವ್ಯತ್ಯಾಸವಿದೆ, ಅದು ದೊಡ್ಡದು. ಅಂಗಡಿಯಲ್ಲಿ ನಾನು ಎರಡು ಸಲ “ನಿಲ್ಲಿಸ್ರಿ” ಅಂದೆ. ಎರಡು ಸಲವೂ ಮಷೀನಿನ ಸದ್ದು ನಿಂತಿತು, ನೀರು ಕುಡಿದೆ, ನಾನೇ “ಹೂಂ” ಎಂದ ಮೇಲೆ ಮತ್ತೆ ಶುರುವಾಯಿತು. ನಿಜ ಹೇಳಬೇಕೆಂದರೆ ಎರಡನೆಯ ಸಲ ನೋವಿಗಿಂತ ಹೆಚ್ಚಾಗಿ, ನಿಲ್ಲುತ್ತದೋ ಇಲ್ಲವೋ ನೋಡಬೇಕಿತ್ತು. ಅಜ್ಜಿಯನ್ನು ಅವಳ ಅವ್ವ ತೊಡೆಯ ಮೇಲೆ ಅವುಚಿ ಹಿಡಿದಿದ್ದಳು, ಸೋದರತ್ತೆ ಕಾಲು ಹಿಡಿದಿದ್ದಳು. ಹುಡುಗಿ ಅತ್ತಷ್ಟೂ ಕೊರವರಾಕಿ ಹಾಡು ಹೆಚ್ಚಿಸಿದಳಂತೆ. ನಮ್ಮ ಮನೆಯಲ್ಲಿ ಇದು ನಗುವ ಕಥೆ.

ಚುಚ್ಚುವ ಕೈ, ಹಿಡಿಯುವ ಕೈ ಯಾರದು ಎಂಬುದರಿಂದ ಅದೇ ಹಣೆ ಬೇರೆಯಾಗುತ್ತದೆ ಎಂಬುದಕ್ಕೆ ಇನ್ನೊಂದು ಪುರಾವೆ ಇದೆ. ಕಂಪನಿ ಸರ್ಕಾರ ಬಂಗಾಳದಲ್ಲಿ 1797ರ ಕಾನೂನಿನ ಪ್ರಕಾರ ಕೈದಿಗಳ ಹಣೆಯ ಮೇಲೆ ಅವರ ಅಪರಾಧವನ್ನು ಹಚ್ಚೆಯಲ್ಲಿ ಬರೆಸುತ್ತಿತ್ತು. ಉತ್ತರದ ಹೆಣ್ಣುಮಕ್ಕಳು ಅಲಂಕಾರಕ್ಕೆ ಹಾಕಿಸಿಕೊಳ್ಳುತ್ತಿದ್ದ ಗೋದ್ನಾ ಎಂಬ ಹೆಸರೇ ಆ ಶಿಕ್ಷೆಗೂ ಇತ್ತು. 1849ರಲ್ಲಿ ಅದು ನಿಂತಿತು. ಸೂಜಿ ಅದೇ, ಚರ್ಮ ಅದೇ, ನರಗಳೂ ಅವೇ. 1871ರಲ್ಲಿ ಶುರುವಾದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮುಂದೆ ಕೊರಚ-ಕೊರವರನ್ನೂ ತನ್ನ ಪಟ್ಟಿಗೆ ಎಳೆದುಕೊಂಡಿತು. ಅದು ರದ್ದಾದದ್ದು 1952ರಲ್ಲಿ, ಸುಮಾರು ಅಜ್ಜಿಯ ಹಚ್ಚಿಯ ಹೊತ್ತಿಗೆ. ಕಟ್ಟೆಯ ಮೇಲೆ ಕೂತು ಹಾಡಿದವಳ ಹೆಸರು ಅಜ್ಜಿಗೆ ಗೊತ್ತಿಲ್ಲ. ಆಕೆಗೆ ನೀರನ್ನು ಮೇಲಿನಿಂದ ಹೊಯ್ದರೇ ಎಂದು ಕೇಳಿದೆ. ಅಜ್ಜಿ ಮಾತು ಬದಲಿಸಿದಳು.

“ಅಷ್ಟ್ ನೋವಿದ್ರ ಯಾಕ್ ಹಾಕಿಸ್ತಿದ್ರಿ?” ಎಂದದ್ದಕ್ಕೆ ಉತ್ತರ ಸಿದ್ಧವಾಗಿತ್ತು. ಸತ್ತ ಮೇಲೆ ಬಂಗಾರ ಬಿಚ್ಚಿಕೊಳ್ಳುತ್ತಾರೆ, ಹಚ್ಚಿ ಮಾತ್ರ ಜತೆಗೆ ಬರುತ್ತದೆ. ಇದನ್ನು ನಮ್ಮ ಕಡೆಯ ಎಲ್ಲ ಮುದುಕಿಯರೂ ಹೇಳುತ್ತಾರೆ. ನಾನೂ ಒಂದು ಸೆಮಿನಾರಿನಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆ, ಅರ್ಥವೊಂದಿದ್ದರೆ ನೋವು ಹಗುರಾಗುತ್ತದೆ ಎಂದು. ಈಗ ಆ ವಾಕ್ಯದ ಮೇಲೆ ನನಗೆ ಅನುಮಾನ. ಅರ್ಥ ಹೇಳುವವರು ಸಾಮಾನ್ಯವಾಗಿ ಹಿಡಿದುಕೊಂಡವರು ಅಥವಾ ಐವತ್ತು ವರ್ಷ ದಾಟಿ ಹಿಂತಿರುಗಿ ನೋಡುವವರು. ತೊಡೆಯ ಮೇಲೆ ಒದ್ದಾಡುತ್ತಿದ್ದ ಎಂಟು ವರ್ಷದವಳಿಗೆ ಪರಲೋಕದ ಬಂಗಾರದಿಂದ ಏನಾಗಬೇಕಿತ್ತು?

ಇನ್ನೊಬ್ಬರ ನೋವು ನಮಗೆ ತಿಳಿಯುವುದೇ ಎಂಬುದು ತತ್ತ್ವಶಾಸ್ತ್ರದ ಹಳೆಯ ತಕರಾರು. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 1979ರ ತನ್ನ ವ್ಯಾಖ್ಯಾನವನ್ನು 2020ರಲ್ಲಿ ತಿದ್ದಿದಾಗ ಒಂದು ಟಿಪ್ಪಣಿ ಸೇರಿಸಿತು. ಬಾಯಿಬಿಟ್ಟು ಹೇಳುವುದು ನೋವನ್ನು ತೋರಿಸುವ ಹಲವು ನಡೆಗಳಲ್ಲಿ ಒಂದು ಮಾತ್ರ ಎಂಬುದು ಅದರ ತಾತ್ಪರ್ಯ. ಅಜ್ಜಿಯ ನಡೆ ಏನಿತ್ತು? ತನ್ನ ಹಿರಿಮಗಳಿಗೆ, ಅಂದರೆ ನಮ್ಮ ದೊಡ್ಡವ್ವನಿಗೆ, ಅವಳು ಹಚ್ಚಿ ಹಾಕಿಸಿದಳು. ಗಾಯ ಕೀವಾಗಿ ನಾಲ್ಕು ದಿನ ಜ್ವರ ಬಂತು. ಐದಾರು ವರ್ಷದ ಮೇಲೆ ನಮ್ಮವ್ವನ ಸರದಿ ಬಂದಾಗ ಬುಟ್ಟಿ ಕೊಂಡು, ಅಕ್ಕಿ ಕೊಟ್ಟು, ಸೂಜಿಯವಳನ್ನು ಹಾಗೇ ಕಳಿಸಿದಳು. ನಮ್ಮವ್ವನ ಮೈಮೇಲೆ ಒಂದು ಬೊಟ್ಟೂ ಇಲ್ಲ. ಪರಲೋಕಕ್ಕೆ ಅವಳು ಬರಿಗೈಯಲ್ಲಿ ಹೋಗಲಿ ಎಂದು ಅಜ್ಜಿ ಒಪ್ಪಿದ ಹಾಗಾಯಿತಲ್ಲ.

ಇದನ್ನು ಕರುಣೆ ಎಂದು ಬರೆದುಬಿಡಲು ಕೈ ತುದಿಗಾಲಲ್ಲಿದೆ. ಆದರೆ ಆ ಹೊತ್ತಿಗೆ ನಮ್ಮವ್ವ ಸಾಲಿಗೆ ಹೋಗುತ್ತಿದ್ದಳು, ಹಚ್ಚಿ ಇದ್ದ ಹುಡುಗಿಯರನ್ನು ಸಾಲಿಯಲ್ಲಿ ಆಡಿಕೊಳ್ಳುತ್ತಿದ್ದರು. ಬರೀ ಫ್ಯಾಶನ್ ಬದಲಾದದ್ದೂ ಇರಬಹುದು. ಅಜ್ಜಿಯನ್ನು ಕೇಳಿದರೆ “ಅವತ್ತ ಕೆಲಸ ಭಾಳಿತ್ತು” ಅನ್ನುತ್ತಾಳೆ.

ದೊಡ್ಡವ್ವನಿಗೆ ಫೋನ್ ಮಾಡಿ ಅದೇ ಪ್ರಶ್ನೆ ಕೇಳಿದೆ, ಎಲ್ಲಿ ಭಾಳ ನೋಯ್ತು ಎಂದು. “ನನ್ನೇನ್ ಕೇಳ್ತಿ, ಹಿಡ್ಕೊಂಡಾಕಿನ್ನ ಕೇಳು” ಎಂದು ನಕ್ಕಳು. ಆಮೇಲೆ ಮಳೆಯ ಸುದ್ದಿ, ಮದುವೆಯ ಸುದ್ದಿ. ಹಿಡಿದುಕೊಂಡವಳು ಪಡಸಾಲೆಯಲ್ಲೇ ಕೂತು ಅಕ್ಕಿ ಆರಿಸುತ್ತಿದ್ದಳು. ಫೋನಿಟ್ಟ ಮೇಲೆ ನನ್ನ ಕೈ ಎಳೆದು, ಹೆಬ್ಬೆರಳಿಗೆ ಉಗುಳು ಹಚ್ಚಿ ನನ್ನ ತುಳಸಿಕಟ್ಟೆಯನ್ನು ತಿಕ್ಕಿ ನೋಡಿದಳು, ಹೋಗುತ್ತದೇನೋ ಎಂಬಂತೆ. “ಎಷ್ಟ್ ಕೊಟ್ಟಿ?” ಎಂದು ಕೇಳಿದಳು. ಹೇಳಿದೆ.