ನಡುವಿನ ವೃತ್ತದ ಅಳತೆ

ಸ್ಕ್ರೀನ್ ನೋಡಿ. ಎಡಗಡೆ ಒಂದು ವೃತ್ತ, ಅದರ ಸುತ್ತ ದೊಡ್ಡ ದೊಡ್ಡ ವೃತ್ತಗಳು. ಬಲಗಡೆ ಇನ್ನೊಂದು, ಅದರ ಸುತ್ತ ಚಿಕ್ಕ ಚಿಕ್ಕವು. ನಡುವಿನ ಎರಡರಲ್ಲಿ ಯಾವುದು ದೊಡ್ಡದು? ಬಲಗಡೆಯದು ಅಂತೀರಿ. ಆದರೆ ಎರಡೂ ಒಂದೇ ಅಳತೆ! ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ಹೆಸರಿನ ದೃಷ್ಟಿಭ್ರಮೆ ಇದು. ಸ್ಕೇಲ್ ಇಟ್ಟು ಅಳೆದ ಮೇಲೂ ಕಣ್ಣು ಹಟ ಬಿಡಲ್ಲ.

ಎಲ್ಲರಿಗೂ ಈ ಭ್ರಮೆ ಒಂದೇ ಸಮ ಆಗಲ್ಲ. 2007ರ ಒಂದು ಅಧ್ಯಯನದಲ್ಲಿ, ಇಂಗ್ಲೆಂಡಿನವರಿಗಿಂತ ಉತ್ತರ ನಮೀಬಿಯಾದ ಹಿಂಬಾ ಜನರಿಗೆ ಇದು ಕಡಿಮೆ ಆಯ್ತು. ಅವರ ಗಮನ ಸುತ್ತಲಿನದಕ್ಕಿಂತ ಆ ಒಂದು ವಸ್ತುವಿನ ಮೇಲೆ ಹೆಚ್ಚು ಅನ್ನೋದು ಸಂಶೋಧಕರ ವಿವರಣೆ.

ಅದಕ್ಕೂ ಮುಂಚೆ ಅಮೆರಿಕದ ಹರ್ಮನ್ ವಿಟ್ಕಿನ್ ಇನ್ನೊಂದು ಪರೀಕ್ಷೆ ಮಾಡಿದ್ದರು. ಕತ್ತಲೆ ಕೋಣೆ, ಓರೆಯಾಗಿಟ್ಟ ಹೊಳೆಯುವ ಚೌಕಟ್ಟು, ಒಳಗೊಂದು ಕೋಲು. ಕೋಲನ್ನು ನೆಟ್ಟಗೆ ನಿಲ್ಲಿಸಬೇಕು. ಕೆಲವರು ಚೌಕಟ್ಟು ವಾಲಿದ ಕಡೆಗೇ ಕೋಲನ್ನೂ ವಾಲಿಸಿದರು. ಕೆಲವರು ಚೌಕಟ್ಟು ಬಿಟ್ಟು ತಮ್ಮ ದೇಹದ ಸಮತೋಲನ ನಂಬಿದರು. ಇದನ್ನು ಯೋಚಿಸುವ ಶೈಲಿ ಅಂತ ಕರೆದರು. ಹಾಗಾಗಿ ಪಕ್ಕದ ಸಹೋದರನಿಗೆ ಬೇರೆ ಥರ ಕಂಡರೆ, ಅವನನ್ನು ದಡ್ಡ ಅನ್ನಬೇಡಿ.

ಈಗ ಒಂದನೇ ಸಮುವೇಲನು 16ನೇ ಅಧ್ಯಾಯಕ್ಕೆ ಬನ್ನಿ. ಸಮುವೇಲ ಪ್ರವಾದಿ. ಆದರೂ ಎಲೀಯಾಬನನ್ನು ಕಂಡ ಕೂಡಲೇ, ಇವನೇ ಅರಸ ಅಂದುಕೊಂಡ. ಯಾಕೆ? ಹಿಂದಿನ ಅರಸ ಸೌಲ ಎಲ್ಲರಿಗಿಂತ ಎತ್ತರದವನು. ಸಮುವೇಲನ ಮನಸ್ಸಿನ ಚೌಕಟ್ಟು ಸೌಲನೇ ಇರಬಹುದು ಅಂತ ನನಗನಿಸುತ್ತೆ. ದೇವರು ಅವನನ್ನು ಪ್ರವಾದಿ ಕೆಲಸದಿಂದ ತೆಗೆದುಹಾಕಲಿಲ್ಲ. ಎತ್ತರ ನೋಡಬೇಡ, ನಾನು ಹೃದಯ ನೋಡ್ತೀನಿ ಅಂತ ಬೇರೆ ಅಳತೆಗೋಲು ಕೊಟ್ಟರು. ಏಳು ಮಕ್ಕಳು ದಾಟಿ ಹೋದರು. ಕುರಿ ಕಾಯ್ತಿದ್ದ ದಾವೀದನನ್ನು ಮನೆಯವರು ಕರೆದೇ ಇರಲಿಲ್ಲ. ಅಭಿಷೇಕ ಅವನಿಗೇ ಆಯ್ತು. ಹಲ್ಲೆಲೂಯಾ!

ಯೌವನಸ್ಥರೇ, ರಾತ್ರಿ ಫೋನ್ ಹಿಡಿದು ಕೂತಾಗ ನಿಮ್ಮ ಸುತ್ತ ಯಾವ ವೃತ್ತಗಳಿವೆ? ಒಬ್ಬನ ಪ್ಯಾಕೇಜ್, ಒಬ್ಬಳ ಮದುವೆ, ಒಬ್ಬರ ಹೊಸ ಫ್ಲಾಟ್. ನೋಡ್ತಾ ನೋಡ್ತಾ ನೀವು ಕುಗ್ಗಿದಂತೆ ಕಾಣುತ್ತೆ. ಕೆಲವರಿಗೆ ಅದು ತಟ್ಟೋದೇ ಇಲ್ಲ, ಕೆಲವರಿಗೆ ನಿದ್ದೆನೇ ಬರಲ್ಲ. ನಿದ್ದೆ ಬರದವರಿಗೆ ವಿಶ್ವಾಸ ಕಡಿಮೆ ಅಂತ ಯಾರೂ ತೀರ್ಪು ಮಾಡಬೇಡಿ. ಚಿಕ್ಕದಾಗಿ ಕಾಣೋದು ನಿಲ್ಲದೆ ಇರಬಹುದು. ಕಂಡದ್ದನ್ನೇ ಅಳತೆ ಅಂತ ಒಪ್ಪಿಕೊಳ್ಳಬೇಡಿ. ಫೋನ್ ಕೆಳಗಿಡಿ, ವಾಕ್ಯ ತೆಗೆಯಿರಿ, ಮತ್ತೊಮ್ಮೆ ಅಳೆಯಿರಿ.

ಕರ್ತನೇ, ನಿನ್ನ ಅಳತೆಯಿಂದ ನಮ್ಮನ್ನೂ ಪಕ್ಕದವರನ್ನೂ ನೋಡಲು ಕಲಿಸು. ಆಮೆನ್.