ಬಂಗಾರವೂ ಬೇಡಿಯೂ

ಅಮೆರಿಕದ ಫ್ಲೋರಿಡಾ ರಾಜ್ಯದ ದಕ್ಷಿಣದ ತುತ್ತತುದಿಯಲ್ಲಿ ಕೀ ವೆಸ್ಟ್ ಎಂಬ ಪುಟ್ಟ ದ್ವೀಪಪಟ್ಟಣವಿದೆ. ನಿಮ್ಮ ಮಗನೋ ಮಗಳೋ ಆ ದೇಶದಲ್ಲಿದ್ದು ನಿಮ್ಮನ್ನು ಅಲ್ಲಿಗೆ ಕರೆದೊಯ್ದರೆ, ನಿಧಿಶೋಧಕ ಮೆಲ್ ಫಿಶರ್ ಅವರ ಹೆಸರಿನ ಕಡಲ ವಸ್ತುಸಂಗ್ರಹಾಲಯವನ್ನು ತೋರಿಸದೆ ಬಿಡಲಾರರು. 1622ರ ಸೆಪ್ಟೆಂಬರಿನಲ್ಲಿ ಬಿರುಗಾಳಿಗೆ ಸಿಕ್ಕಿ ಮುಳುಗಿದ ಸ್ಪೇನಿನ ಹಡಗೊಂದರ ಸಂಪತ್ತು ಅಲ್ಲಿದೆ. ಆ ಹಡಗಿಗೆ ಮಾತೆ ಮರಿಯಮ್ಮನವರ ಹೆಸರು: ಅತೋಚದ ಮಾತೆ. ಹದಿನಾರು ವರ್ಷ ಹುಡುಕಿದ ಮೇಲೆ 1985ರಲ್ಲಿ ಅದರ ಮುಖ್ಯ ನಿಧಿ ಸಿಕ್ಕಿತು. ಬಂಗಾರದ ಗಟ್ಟಿಗಳು, ಬೆಳ್ಳಿ, ಪಚ್ಚೆಕಲ್ಲುಗಳು. ಜನ ಮುಗಿಬೀಳುವುದು ಅಲ್ಲಿಯೇ.

ಆದರೆ ಈ ಹಡಗನ್ನು ಹುಡುಕುತ್ತಿದ್ದಾಗಲೇ, 1972ರಲ್ಲಿ, ಅವರಿಗೆ ಬೇರೊಂದು ಹಡಗಿನ ಅವಶೇಷ ಸಿಕ್ಕಿತ್ತು. ಅದರಲ್ಲಿ ಬಂಗಾರವಿರಲಿಲ್ಲ, ಇದ್ದದ್ದು ಕಬ್ಬಿಣದ ಬೇಡಿಗಳು. 1983ರಲ್ಲಿ ಹಡಗಿನ ಗಂಟೆ ಸಿಕ್ಕಿದಾಗ ಹೆಸರು ತಿಳಿಯಿತು: 'ಹೆನ್ರಿಯೆಟಾ ಮರಿ', 1699. ಆಫ್ರಿಕದಿಂದ ತಂದ ಸುಮಾರು 190 ಮಂದಿಯನ್ನು 1700ರಲ್ಲಿ ಜಮೈಕಾದಲ್ಲಿ ಮಾರಿ, ಊರಿಗೆ ಹಿಂದಿರುಗುವಾಗ ಮುಳುಗಿದ ಇಂಗ್ಲಿಷರ ಹಡಗು ಅದು. ಎಂಬತ್ತಕ್ಕೂ ಹೆಚ್ಚು ಜೊತೆ ಬೇಡಿಗಳು ದೊರೆತಿವೆ. ಕೆಲವಂತೂ ಹೆಂಗಸರ, ಮಕ್ಕಳ ಕೈಗೆ ಮಾತ್ರ ಹಿಡಿಸುವಷ್ಟು ಚಿಕ್ಕವು.

ಇದನ್ನು ನೋಡಿದ ಮಗು, "ಅವರು ದೇವರನ್ನು ನಂಬುತ್ತಿರಲಿಲ್ಲವೇ?" ಎಂದು ಕೇಳಿದರೆ ಏನು ಹೇಳುತ್ತೀರಿ?

"ಆಗಿನ ಕಾಲವೇ ಹಾಗಿತ್ತು ಮಗು" ಎನ್ನಬಹುದು. ಆದರೆ ಅತೋಚದ ಹಡಗು ಸರಕು ತುಂಬಿಕೊಂಡ ಬಂದರುಗಳಲ್ಲಿ ಕಾರ್ತಹೇನವೂ ಒಂದು. ಅದೇ 1622ರಲ್ಲಿ, ಅದೇ ಊರಿನಲ್ಲಿ, ಯೇಸುಸಭೆಯ ಗುರು ಪೇತ್ರ ಕ್ಲೇವರ್ ತಮ್ಮ ಅಂತಿಮ ವ್ರತ ಸ್ವೀಕರಿಸುವಾಗ, ತಾನು ಎಂದೆಂದಿಗೂ ಆಫ್ರಿಕದವರ ಗುಲಾಮ ಎಂದು ಸಹಿಮಾಡಿದರು. ಗುಲಾಮರ ಹಡಗು ಬಂತೆಂದರೆ ಹಣ್ಣು, ಔಷಧಿ ಹಿಡಿದು ಅದರ ಒಡಲಿಗೆ ಇಳಿಯುತ್ತಿದ್ದರು. ಕಾಲ ಒಂದೇ, ಬಂದರು ಒಂದೇ. ಒಬ್ಬರಿಗೆ ಕಂಡದ್ದು ಉಳಿದವರಿಗೇಕೆ ಕಾಣಲಿಲ್ಲ? ಅದಕ್ಕೂ ಮೊದಲೇ, 1537ರಲ್ಲಿ, ಪೋಪ್ ಮೂರನೆಯ ಪೌಲರು ಅಮೆರಿಕದ ಮೂಲನಿವಾಸಿಗಳನ್ನು ಗುಲಾಮರನ್ನಾಗಿ ಮಾಡಬಾರದೆಂದು ಬರೆದಿದ್ದರು. ಒನೇಸಿಮನನ್ನು ದಾಸನೆಂದಲ್ಲ, ಸಹೋದರನೆಂದು ಬರಮಾಡಿಕೋ ಎಂದು ಸಂತ ಪೌಲರು ಫಿಲೆಮೋನನಿಗೆ ಕೇಳಿಕೊಂಡ ಪತ್ರವಂತೂ ಎಲ್ಲರ ಬೈಬಲಿನಲ್ಲೂ ಇತ್ತು.

ಹಾಗೆಂದು ಸಂತರ ಹೆಸರು ಹೇಳಿ ನಾವು ಪಾರಾಗುವಂತಿಲ್ಲ. ಪೋರ್ಚುಗಲ್ಲಿನ ಅರಸನಿಗೆ ಅನ್ಯಧರ್ಮೀಯರನ್ನು ದಾಸ್ಯಕ್ಕೆ ಒಳಪಡಿಸುವ ಅನುಮತಿ ಕೊಟ್ಟ 1452ರ ಪತ್ರವೂ ಪೋಪರದೇ, ಐದನೆಯ ನಿಕೊಲಸರದು. ಕ್ಲೇವರರ ಯೇಸುಸಭೆಯ ಗುರುಗಳೇ 1838ರಲ್ಲಿ ಅಮೆರಿಕದ ಮೇರಿಲೆಂಡಿನಲ್ಲಿ 272 ಮಂದಿ ಗುಲಾಮರನ್ನು ಮಾರಿದರು.

1992ರಲ್ಲಿ ಪೋಪ್ ದ್ವಿತೀಯ ಜಾನ್ ಪೌಲರು ಸೆನೆಗಲ್ ದೇಶದ ಗೊರೆ ದ್ವೀಪಕ್ಕೆ ಹೋಗಿ ಈ ಪಾಪಕ್ಕಾಗಿ ಕ್ಷಮೆ ಬೇಡಿದರು. ಅವರೇನೂ ಯಾರನ್ನೂ ಮಾರಿರಲಿಲ್ಲವಲ್ಲ, ಮಾಡದ ತಪ್ಪಿಗೆ ಕ್ಷಮೆ ಏಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಪಾಪನಿವೇದನೆಯಲ್ಲಿ ನಾವು ಅಜ್ಜನ ಪಾಪ ಹೇಳುವುದಿಲ್ಲ. ಆದರೆ ತಂದೆಯ ಗದ್ದೆ ಬೇಕು, ತಂದೆಯ ಸಾಲ ಬೇಡ ಎನ್ನುವ ಮಗನನ್ನು ಊರು ಏನೆನ್ನುತ್ತದೆ? ಸಂತ ಕ್ಲೇವರರು ನಮ್ಮವರು ಎಂದು ಹೆಮ್ಮೆಪಡುವವರು ಆ ಹಡಗಿನ ಯಜಮಾನರನ್ನು ಮಾತ್ರ ನಮ್ಮವರಲ್ಲ ಎನ್ನುವುದು ಹೇಗೆ?

ಇದು ದೂರದ ದೇಶದ ಕತೆ ಎಂದುಕೊಳ್ಳಬೇಡಿ. ಪೋರ್ಚುಗೀಸರು ಆಫ್ರಿಕದಿಂದ ಗೋವೆಗೂ ಗುಲಾಮರನ್ನು ತಂದರು. ತಪ್ಪಿಸಿಕೊಂಡು ಕಾಡು ಸೇರಿದವರ ವಂಶದವರು ನಮ್ಮ ಹಳಿಯಾಳ, ಯಲ್ಲಾಪುರದ ಸಿದ್ದಿಗಳಲ್ಲಿ ಇದ್ದಾರೆ. ಅವರಲ್ಲಿ ಅನೇಕರು ಕಥೋಲಿಕರು. ನಾವು ಸ್ವೀಕರಿಸುವ ಪರಮಪ್ರಸಾದವನ್ನೇ ಸ್ವೀಕರಿಸುವವರು. ಪರಿಶಿಷ್ಟ ಪಂಗಡದ ಪಟ್ಟಿಗೆ ಅವರು ಸೇರಿದ್ದು 2003ರಲ್ಲಿ. ಅವರನ್ನು ಕಂಡರೆ ಇಂದಿಗೂ ದಿಟ್ಟಿಸಿ ನೋಡುವ, "ಎಲ್ಲಿಂದ ಬಂದವರು?" ಎಂದು ಕೇಳುವ ಚಪಲ ನಮ್ಮಲ್ಲಿ ಹೋಗಿಲ್ಲ.

ಕೀ ವೆಸ್ಟಿಗೆ ಹೋದವರು ಹಿಗ್ಸ್ ಕಡಲತೀರಕ್ಕೂ ಹೋಗಿ. 1860ರಲ್ಲಿ ಅಮೆರಿಕದ ನೌಕಾಪಡೆ ಮೂರು ಹಡಗುಗಳಿಂದ ಬಿಡಿಸಿದ 1,432 ಆಫ್ರಿಕನ್ನರನ್ನು ಈ ಊರಿಗೆ ತಂದಿತು. ಊರವರು ಬಟ್ಟೆ, ಆಹಾರ ತಂದುಕೊಟ್ಟರು. ಆದರೂ 295 ಮಂದಿ ಕಾಯಿಲೆಯಿಂದ ತೀರಿಕೊಂಡರು. ಅವರನ್ನು ಆ ಮರಳಿನಲ್ಲೇ ಹೂಳಲಾಯಿತು. ಸಮಾಧಿಗಳ ಗುರುತೂ ಅಳಿಸಿಹೋಗಿತ್ತು, 2002ರಲ್ಲಿ ಪತ್ತೆಹಚ್ಚುವವರೆಗೆ.